ಸ್ಟೋಕ್ ಮ್ಯಾಂಡೆವಿಲ್‌ನ ಭೇದಿ: ಮದ್ದು ಗೆದ್ದರೂ ರೋಗಿ ಸೋತ ಒಂದು ಪ್ರಕರಣ

ಆಂಟಿಬಯೋಟಿಕ್ ರೆಸಿಸ್ಟೆನ್ಸ್ ಅಂದ ಕೂಡಲೇ ನಮ್ಮ ತಲೆಗೆ ಬರುವ ಚಿತ್ರ ಒಂದೇ. ರೋಗಿಗೆ ಸೋಂಕು ಆಯಿತು, ಡಾಕ್ಟರ್ ಮದ್ದು ಕೊಟ್ಟರು, ಕ್ರಿಮಿ ಬಗ್ಗಲಿಲ್ಲ, ರೋಗಿ ಉಳಿಯಲಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಆ ಥರದ ಕಥೆ ಅಲ್ಲ. ಇಲ್ಲಿ ಮದ್ದು ತನ್ನ ಕೆಲಸವನ್ನು ಮಾಡಿತು. ಎದೆಯ ಸೋಂಕಿಗೆ ಕೊಟ್ಟರೆ ಕೆಮ್ಮು ಇಳಿಯಿತು, ಮೂತ್ರದ ಸೋಂಕಿಗೆ ಕೊಟ್ಟರೆ ಉರಿ ನಿಂತಿತು. ಇನ್ನೇನು ಮನೆಗೆ ಹೋಗಬೇಕು ಅನ್ನುವ ಹೊತ್ತಿಗೆ ಅದೇ ರೋಗಿಗೆ ಭೇದಿ ಹತ್ತಿಕೊಂಡಿತು. ಯಾವ ಕ್ರಿಮಿಗೆ ಮದ್ದು ಬಿಟ್ಟರೋ ಅದು ಸತ್ತಿತ್ತು. ಯಾವುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೋ ಅದು ಎದ್ದು ಕೂತಿತ್ತು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂತ ಗಾದೆ ಇದೆಯಲ್ಲ, ಇಲ್ಲಿ ಹಾಗೂ ಆಗಲಿಲ್ಲ. ಎಮ್ಮೆಗೇ ಬರೆ ಹಾಕಿದರು, ಎಮ್ಮೆ ಹುಷಾರೂ ಆಯಿತು, ಆದರೆ ಆ ಗಲಾಟೆಗೆ ಕೊಟ್ಟಿಗೆಯ ಮೂಲೆಯಲ್ಲಿ ಸುಮ್ನೆ ಮಲಗಿದ್ದ ಹಾವು ಹೆಡೆ ಎತ್ತಿತು.

ಜಾಗ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಏಲ್ಸ್‌ಬರಿ, ಅಲ್ಲಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ. ಈ ಹೆಸರನ್ನು ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ಅದು ಪ್ಯಾರಾಲಿಂಪಿಕ್ಸ್‌ನಿಂದ. ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗಾಗಿ ಲುಡ್ವಿಗ್ ಗಟ್‌ಮನ್ ಎಂಬ ಡಾಕ್ಟರ್ 1948ರಲ್ಲಿ ಬಿಲ್ಲುಗಾರಿಕೆಯ ಪಂದ್ಯ ಇಟ್ಟಿದ್ದು ಇದೇ ಆಸ್ಪತ್ರೆಯ ಅಂಗಳದಲ್ಲಿ. ಅಷ್ಟು ಒಳ್ಳೆಯ ಹೆಸರಿದ್ದ ಜಾಗ.

2003ರ ಅಕ್ಟೋಬರ್‌ನಲ್ಲಿ ಅಲ್ಲಿನ ವಾರ್ಡುಗಳಲ್ಲಿ ಭೇದಿ ಜಾಸ್ತಿಯಾಗತೊಡಗಿತು. 2004ರ ಜೂನ್‌ವರೆಗೆ 174 ಜನರಿಗೆ ಬಂತು. ಬೇಸಿಗೆಯಲ್ಲಿ ಸ್ವಲ್ಪ ತಣ್ಣಗಾಯಿತು, ಎಲ್ಲರೂ ಮುಗಿಯಿತು ಅಂದುಕೊಂಡರು. ಅಕ್ಟೋಬರ್‌ನಲ್ಲಿ ಮತ್ತೆ ಶುರು. 2005ರ ಜೂನ್ ಹೊತ್ತಿಗೆ ಇನ್ನೂ 160 ಜನ. ಒಟ್ಟು 334. ಇವರಲ್ಲಿ ಕನಿಷ್ಠ 33 ಜನರ ಸಾವಿಗೆ ಈ ಭೇದಿಯೇ ಖಚಿತವಾಗಿ ಅಥವಾ ಬಹುಮಟ್ಟಿಗೆ ಕಾರಣ ಅಂತ ಆಮೇಲೆ ತನಿಖೆ ಮಾಡಿದ ಹೆಲ್ತ್‌ಕೇರ್ ಕಮಿಷನ್ (ಆಗ ಇಂಗ್ಲೆಂಡಿನ ಆಸ್ಪತ್ರೆಗಳ ಗುಣಮಟ್ಟ ನೋಡುತ್ತಿದ್ದ ಸಂಸ್ಥೆ) ಹೇಳಿತು. ಇಂಥ ಭೇದಿಗೆ ಜಾಸ್ತಿ ಬಲಿಯಾಗುವವರು ವಯಸ್ಸಾದವರು. ಬೇರೆ ಯಾವುದೋ ಕಾಯಿಲೆಗೆ ಅಂತ ಆಸ್ಪತ್ರೆಗೆ ಸೇರಿದವರು.

ಕ್ರಿಮಿಯ ಹೆಸರು ಕ್ಲೊಸ್ಟ್ರಿಡಿಯಂ ಡಿಫಿಸೈಲ್. ಈಗ ಅಧಿಕೃತವಾಗಿ ಕ್ಲೊಸ್ಟ್ರಿಡಿಯಾಯ್ಡಿಸ್ ಅಂತ ಹೆಸರು ಬದಲಿಸಿದ್ದಾರೆ, ಆದರೆ ವಾರ್ಡಿನಲ್ಲಿ ಎಲ್ಲರೂ ಹೇಳುವುದು ಸಿ. ಡಿಫ್ ಅಂತಲೇ. 1935ರಲ್ಲಿ ಇದನ್ನು ಮೊದಲು ಕಂಡಿದ್ದು ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ. ಲ್ಯಾಬಿನಲ್ಲಿ ಬೆಳೆಸಲು ಅಷ್ಟು ಕಾಡಿಸಿತು ಅಂತ 'ಕಷ್ಟದ್ದು' ಅನ್ನುವ ಅರ್ಥದ ಹೆಸರಿಟ್ಟರು. ಮುಂದೆ 40 ವರ್ಷಕ್ಕೂ ಜಾಸ್ತಿ ಕಾಲ ಇದು ಏನೂ ಮಾಡದ ಬಡಪಾಯಿ ಅಂತಲೇ ಜನ ನಂಬಿದ್ದರು. 1978ರಲ್ಲಿ ಗೊತ್ತಾಯಿತು, ಆಂಟಿಬಯೋಟಿಕ್ ತೆಗೆದುಕೊಂಡವರ ದೊಡ್ಡ ಕರುಳಿನಲ್ಲಿ ಹಳದಿ ಪೊರೆ ಕಟ್ಟುವ ಆ ಭಯಂಕರ ಕಾಯಿಲೆಯ ಹಿಂದೆ ಇರುವುದು ಇದೇ ಮಹಾಶಯ ಅಂತ. ಆ ಕಾಲಕ್ಕೆ ಅಪರಾಧಿ ಮದ್ದು ಕ್ಲಿಂಡಮೈಸಿನ್.

ಇದು ಕೆಲಸ ಮಾಡುವ ರೀತಿ ಸರಳ. ನಮ್ಮ ಕರುಳು ಒಂದು ಹೊಲ ಇದ್ದ ಹಾಗೆ. ನೂರಾರು ಬಗೆಯ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಬೆಳೆದು ನಿಂತಿರುತ್ತವೆ, ಹೊಸಬರಿಗೆ ಕಾಲಿಡಲು ಜಾಗ ಇರುವುದಿಲ್ಲ. ಆಂಟಿಬಯೋಟಿಕ್ ಅಂದರೆ ಆ ಹೊಲಕ್ಕೆ ಹೊಡೆಯುವ ಔಷಧಿ. ಕಳೆನಾಶಕ ಹೊಡೆದಾಗ ರಾಗಿಯೂ ಸುಟ್ಟುಹೋಗಿ, ಅದಕ್ಕೆ ಬಗ್ಗದ ಕಾಂಗ್ರೆಸ್ ಗಿಡ ಒಂದೇ ಉಳಿದರೆ ಏನಾಗುತ್ತದೆ? ಮುಂದಿನ ಮಳೆಗೆ ಹೊಲ ತುಂಬ ಅದೇ. ಸಿ. ಡಿಫ್ ಹಾಗೆಯೇ ಹಬ್ಬುತ್ತದೆ, ಹಬ್ಬಿದ ಮೇಲೆ ಎರಡು ವಿಷ ಬಿಡುತ್ತದೆ, ಕರುಳಿನ ಒಳಪದರ ಕಿತ್ತುಬರುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ನೀರು ನೀರು ಭೇದಿ. 80 ದಾಟಿದ ಅಜ್ಜಿಗೆ ಅಷ್ಟೇ ಸಾಕು.

ಇನ್ನೊಂದು ತೊಂದರೆ ಇದರ ಸ್ಪೋರ್. ಬೀಜದ ಹಾಗೆ ಗಟ್ಟಿ ಸಿಪ್ಪೆ ಕಟ್ಟಿಕೊಂಡು ಮಂಚದ ಕಂಬಿ, ಕಮೋಡ್, ಬಾಗಿಲ ಹಿಡಿಕೆಗಳ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ನಾವು ಕೋವಿಡ್ ಕಾಲದಲ್ಲಿ ಬಕೆಟ್‌ಗಟ್ಟಲೆ ಸುರಿದುಕೊಂಡ ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಇದು ಕ್ಯಾರೇ ಅನ್ನುವುದಿಲ್ಲ. ಸೋಪು ನೀರಿನಲ್ಲಿ ಕೈ ಉಜ್ಜಿ ತೊಳೆಯಬೇಕು, ನೆಲಕ್ಕೂ ಸಾಮಾನಿಗೂ ಕ್ಲೋರಿನ್ ಇರುವ ದ್ರಾವಣವೇ ಆಗಬೇಕು.

ಸರಿ, ಸಿ. ಡಿಫ್ ಹಳೆಯ ಕ್ರಿಮಿ. 2003ರಲ್ಲಿ ಹೊಸದಾಗಿ ಏನಾಯಿತು? ಇಲ್ಲಿಗೆ ನಮ್ಮ ಫ್ಲೋರೋಕ್ವಿನೊಲೋನ್ ಬರುತ್ತದೆ. ಹೆಸರು ದೊಡ್ಡದು, ಗಾಬರಿ ಬೇಡ. ಕೊನೆಗೆ 'ಫ್ಲಾಕ್ಸಸಿನ್' ಅಂತ ಬರುವ ಮಾತ್ರೆಗಳೆಲ್ಲ ಈ ಮನೆತನದವು: ನಾರ್‌ಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್, ಒಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್. ಇವುಗಳ ಅಜ್ಜ ನಾಲಿಡಿಕ್ಸಿಕ್ ಆಸಿಡ್, 1962ರದ್ದು, ಮಲೇರಿಯಾದ ಕ್ಲೋರೋಕ್ವಿನ್ ತಯಾರಿಸುವಾಗ ಸಿಕ್ಕ ಒಂದು ಉಪಪದಾರ್ಥದಿಂದ ಹುಟ್ಟಿದ್ದು. ಸಿಪ್ರೋ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಿದ್ದು 1987ರಲ್ಲಿ. ಡಾಕ್ಟರುಗಳಿಗೆ ಇದು ಇಷ್ಟವಾಗಲು ನ್ಯಾಯವಾದ ಕಾರಣವೇ ಇತ್ತು. ಇವುಗಳಲ್ಲಿ ಹಲವನ್ನು ನುಂಗಿದರೂ ಹೆಚ್ಚುಕಡಿಮೆ ಡ್ರಿಪ್‌ನಲ್ಲಿ ಕೊಟ್ಟಷ್ಟೇ ಚೆನ್ನಾಗಿ ರಕ್ತಕ್ಕೆ ಸೇರುತ್ತವೆ, ಅಂದರೆ ಸೂಜಿ ಕಿತ್ತು ಕೈಗೆ ಮಾತ್ರೆ ಕೊಟ್ಟು ಬೇಗ ಮನೆಗೆ ಕಳಿಸಬಹುದು. ಎದೆಗೂ ಆಯಿತು, ಮೂತ್ರಕ್ಕೂ ಆಯಿತು, ಮೂಳೆಗೂ ಆಯಿತು. 2000ದ ಸುಮಾರಿಗೆ ಉತ್ತರ ಅಮೆರಿಕ ಮತ್ತು ಯುರೋಪಿನ ಆಸ್ಪತ್ರೆಗಳಲ್ಲಿ ಇದನ್ನು ಕಡ್ಲೆಪುರಿ ಹಂಚಿದ ಹಾಗೆ ಹಂಚುತ್ತಿದ್ದರು.

ಈ ಮದ್ದು ಹೊಡೆಯುವುದು ಬ್ಯಾಕ್ಟೀರಿಯಾದ ಡಿಎನ್‌ಎ ಗಂಟು ಬಿಡಿಸುವ ಕಿಣ್ವಗಳಿಗೆ. ಡಿಎನ್‌ಎ ಅಂದರೆ ಹುರಿ ಹಾಕಿದ ಉದ್ದನೆಯ ದಾರ. ನಕಲು ಮಾಡುವಾಗ ಸಿಕ್ಕು ಬೀಳುತ್ತದೆ, ಗೈರೇಸ್ ಅನ್ನುವ ಕಿಣ್ವ ದಾರ ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಅಂಟಿಸುತ್ತದೆ. ಸಿಪ್ರೋ ಬಂದು ಕತ್ತರಿಸಿದ ಹೊತ್ತಿಗೇ ಅದರ ಕೈ ಹಿಡಿದುಕೊಂಡುಬಿಡುತ್ತದೆ. ದಾರ ತುಂಡಾಗಿಯೇ ಉಳಿಯುತ್ತದೆ, ಕ್ರಿಮಿ ಸಾಯುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಾದಲ್ಲಿ ಗೈರೇಸ್ ಜೊತೆ ಟೋಪೋಐಸೊಮರೇಸ್ 4 ಅನ್ನುವ ಇನ್ನೊಂದು ಕಿಣ್ವವೂ ಇದೆ. ಹಾಗಾಗಿ ಅದು ಪೂರ್ತಿ ಬಗ್ಗದ ಹಾಗೆ ಆಗಬೇಕಾದರೆ ಎರಡೂ ಕಡೆ, ಹಂತಹಂತವಾಗಿ, ಒಂದಕ್ಕಿಂತ ಜಾಸ್ತಿ ಬದಲಾವಣೆ ಬೇಕು. ಸಿ. ಡಿಫ್‌ಗೆ ಆ ಎರಡನೇ ಕಿಣ್ವವೇ ಇಲ್ಲ. ಇರುವುದು ಗೈರೇಸ್ ಒಂದೇ. ಅದರ ಎ ತುಂಡಿನ 82ನೇ ಜಾಗದಲ್ಲಿ ಥ್ರಿಯೊನಿನ್ ಅನ್ನುವ ಅಮಿನೊ ಆಸಿಡ್ (ಕಿಣ್ವದ ಸರದಲ್ಲಿ ಒಂದು ಮಣಿ ಅನ್ನಿ) ಹೋಗಿ ಐಸೊಲ್ಯೂಸಿನ್ ಅನ್ನುವ ಇನ್ನೊಂದು ಬಂದರೆ ಮುಗಿಯಿತು, ಒಂದೇ ಒಂದು ಅಕ್ಷರ ತಪ್ಪಿದ ಹಾಗೆ, ಫ್ಲಾಕ್ಸಸಿನ್‌ಗಳೆಲ್ಲ ನೀರಾಗುತ್ತವೆ. ನನಗಂತೂ ಈ ಇಡೀ ಪ್ರಕರಣದಲ್ಲಿ ಮೈ ಜುಮ್ಮೆನ್ನಿಸುವ ವಿಷಯ ಇದು. ನೂರಾರು ಮಂಚಗಳ ಕಥೆ ಒಂದು ಅಮಿನೊ ಆಸಿಡ್ ಮೇಲೆ ನಿಂತಿದೆ.

ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಸಿಕ್ಕ ತಳಿಗೆ ರೈಬೋಟೈಪ್ 027 ಅಂತ ಹೆಸರು. ಅಮೆರಿಕದವರು ಬೇರೆ ವಿಧಾನದಲ್ಲಿ ಗುರುತಿಸಿ ಎನ್‌ಎಪಿ1 ಅಂದರು, ಇನ್ನೊಂದು ಗುಂಪು ಬಿಐ ಅಂದಿತು. ಮೂರೂ ಒಂದೇ. ಇಂಗ್ಲೆಂಡಿಗಿಂತ ಮೊದಲು ಇದು ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಅಲ್ಲಾಡಿಸಿಬಿಟ್ಟಿತ್ತು. ಅಲ್ಲಿನ ಶೆರ್‌ಬ್ರೂಕ್ ಸುತ್ತಮುತ್ತ 1991ರಲ್ಲಿ ಲಕ್ಷಕ್ಕೆ ಸುಮಾರು 36 ಜನರಿಗೆ ಬರುತ್ತಿದ್ದ ಸಿ. ಡಿಫ್ 2003ರಲ್ಲಿ 156 ಜನರಿಗೆ ಬಂತು. 65 ದಾಟಿದವರಲ್ಲಿ ಆ ಸಂಖ್ಯೆ 102ರಿಂದ 866ಕ್ಕೆ ಏರಿತ್ತು. 2004ರಲ್ಲಿ ಕ್ವಿಬೆಕ್‌ನ 12 ಆಸ್ಪತ್ರೆಗಳಲ್ಲಿ ಸಿ. ಡಿಫ್ ಬಂದ 1,703 ರೋಗಿಗಳನ್ನು ಅಧ್ಯಯನ ಮಾಡಿದಾಗ, ಇದು ಬಂದವರು ಮತ್ತು ಬರದವರ ನಡುವೆ ಎದ್ದು ಕಂಡ ವ್ಯತ್ಯಾಸಗಳಲ್ಲಿ ಒಂದು ಫ್ಲೋರೋಕ್ವಿನೊಲೋನ್ ಸೇವನೆ, ಇನ್ನೊಂದು ಸೆಫಲೊಸ್ಪೊರಿನ್ ಅನ್ನುವ ಬೇರೊಂದು ಆಂಟಿಬಯೋಟಿಕ್ ಮನೆತನದ ಸೇವನೆ.

ಆಗ ಎಲ್ಲರ ಕಣ್ಣೂ ಈ ತಳಿಯ ವಿಷದ ಮೇಲಿತ್ತು. 2005ರಲ್ಲಿ ಒಂದು ತಂಡ ಲ್ಯಾಬಿನಲ್ಲಿ ಅಳೆದು, ಇದು ಮಾಮೂಲಿ ತಳಿಗಿಂತ ಎ ವಿಷವನ್ನು 16 ಪಟ್ಟು, ಬಿ ವಿಷವನ್ನು 23 ಪಟ್ಟು ಜಾಸ್ತಿ ಬಿಡುತ್ತದೆ ಅಂದಿತು. ಪತ್ರಿಕೆಗಳಿಗೆ ಹಬ್ಬ. 'ಸೂಪರ್‌ಬಗ್' ಅನ್ನುವ ಪದ ದಿನಾ ಮುಖಪುಟದಲ್ಲಿ. ಆಮೇಲೆ ಬೇರೆ ಲ್ಯಾಬುಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದು ಬೇರೆ ಮಾತು. ಆದರೆ ವಿಷವೇ ಕಾರಣ ಅನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಇದೇ 027 ತಳಿ 1985ರಲ್ಲೇ ಫ್ರಾನ್ಸಿನ ಒಬ್ಬ ರೋಗಿಯಲ್ಲಿ ಸಿಕ್ಕಿತ್ತು, ಸಿಡಿ196 ಅಂತ ಅದಕ್ಕೆ ಹೆಸರಿಟ್ಟು ಕಾಪಾಡಿದ್ದರು. ಅದೇ ಎ ಮತ್ತು ಬಿ ವಿಷ, ಜೊತೆಗೆ ಬೈನರಿ ಟಾಕ್ಸಿನ್ ಅನ್ನುವ ಮೂರನೆಯದೂ ಅದರಲ್ಲಿತ್ತು. ಆದರೂ ಅದು ಎಲ್ಲೂ ಹಬ್ಬಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಮೂಲೆಯಲ್ಲಿ ಕೂತಿದ್ದ ತಳಿಗೆ ಇದ್ದಕ್ಕಿದ್ದ ಹಾಗೆ ಕಾಲು ಬಂದಿದ್ದು ಹೇಗೆ? ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡ ವ್ಯತ್ಯಾಸಗಳಲ್ಲಿ ಆ 82ನೇ ಜಾಗದ ಬದಲಾವಣೆ ಇತ್ತು. 1985ರದು ಫ್ಲಾಕ್ಸಸಿನ್‌ಗೆ ಬಗ್ಗುತ್ತಿತ್ತು, 2003ರದು ಬಗ್ಗಲಿಲ್ಲ.

2013ರಲ್ಲಿ ಕೇಂಬ್ರಿಡ್ಜ್ ಬಳಿಯ ಸ್ಯಾಂಗರ್ ಇನ್‌ಸ್ಟಿಟ್ಯೂಟ್‌ನವರು 1985ರಿಂದ 2010ರವರೆಗಿನ 027 ಮಾದರಿಗಳ ಜೀನೋಮ್ ಓದಿ ವಂಶವೃಕ್ಷ ಬರೆದರು. ಆಗ ಇನ್ನೂ ಸೋಜಿಗದ ವಿಷಯ ಹೊರಬಂತು. ಉತ್ತರ ಅಮೆರಿಕದಲ್ಲಿ ಎರಡು ಬೇರೆ ಬೇರೆ ಕೊಂಬೆಗಳು, ಒಂದಕ್ಕೊಂದು ಸಂಬಂಧವಿಲ್ಲದೆ, ಅದೇ ಗೈರೇಸ್ ಬದಲಾವಣೆಯನ್ನು ಪಡೆದಿದ್ದವು. ಪಡೆದ ಮೇಲಷ್ಟೇ ಎರಡೂ ಹಬ್ಬಿದವು. ಒಂದು ಕೊಂಬೆ ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್ ಕಡೆ ಹೋಯಿತು. ಇನ್ನೊಂದು ಅಟ್ಲಾಂಟಿಕ್ ದಾಟಿ, ಒಂದಲ್ಲ ಹಲವು ಸಲ, ಬ್ರಿಟನ್ನಿಗೆ ಬಂದಿಳಿಯಿತು. ಒಂದೇ ಬೀಗ ಎರಡು ಮನೆಯಲ್ಲಿ ಒಂದೇ ಥರ ಮುರಿದಿದೆ ಅಂದರೆ ಕಳ್ಳನ ಕೈಯಲ್ಲಿದ್ದ ಆಯುಧ ಯಾವುದು ಅಂತ ಹೇಳುವುದು ಕಷ್ಟವಲ್ಲ.

ಈಗ ಆಸ್ಪತ್ರೆಯ ಒಳಗೆ ಬರೋಣ. ಕ್ರಿಮಿ ಹೊರಗಿನಿಂದ ಬಂತು ಸರಿ, 334ರವರೆಗೆ ಬೆಳೆಯಲು ಬಿಟ್ಟವರು ಯಾರು? 2006ರ ಜುಲೈನಲ್ಲಿ ಬಂದ ಕಮಿಷನ್ ವರದಿ ಈ ಬಗ್ಗೆ ಮುಲಾಜು ನೋಡಲಿಲ್ಲ. ಹಳೆಯ ಕಟ್ಟಡ, ಉದ್ದನೆಯ ತೆರೆದ ವಾರ್ಡುಗಳು, ಮಂಚಕ್ಕೆ ಮಂಚ ಹತ್ತಿರ, ಒಬ್ಬರೇ ಇರುವ ರೂಮುಗಳು ಕಡಿಮೆ. ನರ್ಸುಗಳು ಸಾಲದು. ಇದ್ದವರಿಗೆ ಕೈ ತೊಳೆಯಲು, ಕಮೋಡ್ ಖಾಲಿ ಮಾಡಿ ಸ್ವಚ್ಛ ಮಾಡಲು, ಹಾಸಿಗೆ ಒರೆಸಲು, ರೋಗಿ ಎಷ್ಟು ನೀರು ಕುಡಿದರು ಅಂತ ಬರೆದಿಡಲು ಪುರುಸೊತ್ತಿಲ್ಲ. ಭೇದಿ ಇದ್ದವರನ್ನು ಬೇರೆ ಇಡಿ ಅಂತ ಸೋಂಕು ನಿಯಂತ್ರಣದ ತಂಡ ಹೇಳುತ್ತಲೇ ಇತ್ತು. ಮೇಲಿನ ಆಡಳಿತದವರು ಕೇಳಲಿಲ್ಲ. ಅವರ ತಲೆಯಲ್ಲಿದ್ದುದು ಎರಡು ಲೆಕ್ಕ: ಒಂದು ದುಡ್ಡು, ಇನ್ನೊಂದು ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ಸಾಗಹಾಕಬೇಕು ಅನ್ನುವ ಸರ್ಕಾರದ ಗುರಿ. ಗಡಿಯಾರ ಓಡುತ್ತಿದೆ, ಮಂಚ ಬೇಕು, ರೋಗಿಯನ್ನು ಈ ವಾರ್ಡಿನಿಂದ ಆ ವಾರ್ಡಿಗೆ ತಳ್ಳಿ. ತಳ್ಳಿದ ಮಂಚದ ಜೊತೆ ಸ್ಪೋರ್ ಕೂಡ ಹೋಯಿತು. ಮೊದಲ ಸಲ ಕಲಿತ ಪಾಠ ಎರಡನೇ ಸಲಕ್ಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೇ ವರದಿಯ ದೊಡ್ಡ ಆಕ್ಷೇಪ. 2005ರ ಜೂನ್‌ನಲ್ಲಿ ವಿಷಯ ಪತ್ರಿಕೆಗೆ ಸೋರಿದ ಮೇಲೆ ಲಂಡನ್ನಿನಿಂದ ಆರೋಗ್ಯ ಇಲಾಖೆಯವರು ಇಣುಕಿದರು, ಆಮೇಲೆ ಬೇಗನೆ ಹತೋಟಿಗೆ ಬಂತು. ಇಲ್ಲದ ರೂಮು, ಇಲ್ಲದ ಜನ ಆಗ ಎಲ್ಲಿಂದ ಬಂದರೋ!

ಈ ವರದಿಯನ್ನು ನಾನು ಒಪ್ಪುತ್ತೇನೆ. ಆದರೆ ಇದು ಹುಟ್ಟಿಸಿದ ಸಿಟ್ಟೆಲ್ಲ ಮ್ಯಾನೇಜರುಗಳ ಮೇಲೆ, ಕೊಳಕಿನ ಮೇಲೆ ಹೋಯಿತು. ಮದ್ದಿನ ಚೀಟಿ ಬರೆದ ಪೆನ್ನಿನ ಕಡೆ ಜನ ಅಷ್ಟಾಗಿ ನೋಡಲಿಲ್ಲ. ಅದು ಸಹಜ. ಕೊಳಕು ಕಮೋಡ್ ಕಣ್ಣಿಗೆ ಕಾಣುತ್ತದೆ, ಸಿಪ್ರೋ ಚೀಟಿ ಒಳ್ಳೆಯ ಕೆಲಸದ ಹಾಗೆಯೇ ಕಾಣುತ್ತದೆ.

ಅಷ್ಟರಲ್ಲಿ ಇದು ಒಂದು ಆಸ್ಪತ್ರೆಯ ಕಾಯಿಲೆಯಾಗಿ ಉಳಿದಿರಲಿಲ್ಲ. 2006ರಲ್ಲಿ ಇಂಗ್ಲೆಂಡಿನಲ್ಲಿ 65 ದಾಟಿದವರಲ್ಲೇ 55 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾದವು. 2007ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 8,324 ಮರಣ ಪ್ರಮಾಣಪತ್ರಗಳಲ್ಲಿ ಸಿ. ಡಿಫ್ ಹೆಸರಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯಿತು ನಿಜ, ಆದರೆ ಬಾಗಿಲು ಹಾಕಿದರು ಮತ್ತು ಗಟ್ಟಿಯಾಗಿಯೇ ಹಾಕಿದರು. ಕೈ ತೊಳೆಯುವ ಅಭಿಯಾನ, ವಾರ್ಡು ಉಜ್ಜುವ ಅಭಿಯಾನ, ಭೇದಿ ಬಂದವರಿಗೆ ಬೇರೆ ರೂಮು. ಇವುಗಳ ಜೊತೆಗೆ ಫ್ಲೋರೋಕ್ವಿನೊಲೋನ್ ಮತ್ತು ಸೆಫಲೊಸ್ಪೊರಿನ್ ಬರೆಯುವುದಕ್ಕೆ ಕಡಿವಾಣ. ಮುಂದಿನ ಕೆಲವು ವರ್ಷಗಳಲ್ಲಿ ಪ್ರಕರಣಗಳು ಸುಮಾರು 80 ಶೇಕಡಾ ಇಳಿದವು.

ಇಳಿದದ್ದು ಯಾವುದರಿಂದ? ಎಲ್ಲವನ್ನೂ ಒಟ್ಟಿಗೆ ಮಾಡಿದಾಗ ಎಲ್ಲರೂ ನಮ್ಮಿಂದಲೇ ಅನ್ನುತ್ತಾರೆ. ಸೋಪಿನವರು ಸೋಪಿನಿಂದ ಅಂದರು, ಫಿನಾಯಿಲ್‌ನವರು ಫಿನಾಯಿಲ್‌ನಿಂದ ಅಂದರು. ಆಕ್ಸ್‌ಫರ್ಡ್‌ನ ಒಂದು ತಂಡ ಇದಕ್ಕೆ ಒಂದು ಚಂದದ ಉಪಾಯ ಹುಡುಕಿತು. ಯೋಚಿಸಿ: ಸೋಪು ನೀರಿಗೆ ಕ್ರಿಮಿಯ ಜೀನ್ ಓದಲು ಬರುವುದಿಲ್ಲ. ಕೈ ತೊಳೆದರೆ ಸಿಪ್ರೋಗೆ ಬಗ್ಗುವ ಸಿ. ಡಿಫ್ ಕೂಡ ಹೋಗಬೇಕು, ಬಗ್ಗದ ಸಿ. ಡಿಫ್ ಕೂಡ ಹೋಗಬೇಕು, ಎರಡೂ ಒಂದೇ ಪ್ರಮಾಣದಲ್ಲಿ. ಅದೇ ಸಿಪ್ರೋ ಬಳಕೆ ಕಡಿಮೆಯಾಗಿದ್ದೇ ಕಾರಣವಾದರೆ, ಬಗ್ಗದ ತಳಿಗಳಿಗೆ ಮಾತ್ರ ಪೆಟ್ಟು ಬೀಳಬೇಕು, ಯಾಕೆಂದರೆ ಆ ಮದ್ದಿನ ನೆರಳಲ್ಲಿ ಬದುಕುತ್ತಿದ್ದವು ಅವು ಮಾತ್ರ. ಸಾವಿರಾರು ಮಾದರಿಗಳ ಜೀನೋಮ್ ಓದಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಕ್ಸ್‌ಫರ್ಡ್‌ಶೈರ್‌ನಲ್ಲಿ 2006ರ ಸೆಪ್ಟೆಂಬರ್‌ನಲ್ಲಿ ಸಿಕ್ಕ ಸಿ. ಡಿಫ್‌ನಲ್ಲಿ ಸುಮಾರು 67 ಶೇಕಡಾ ಫ್ಲೋರೋಕ್ವಿನೊಲೋನ್‌ಗೆ ಬಗ್ಗದವು. 2013ರ ಫೆಬ್ರವರಿಗೆ ಅದು ಸುಮಾರು 3 ಶೇಕಡಾ. ಬಗ್ಗುವ ತಳಿಗಳಿಂದ ಬರುವ ಪ್ರಕರಣಗಳ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಅಂದರೆ ಕೈ ತೊಳೆದಿದ್ದು ದಂಡ ಅಂತಲ್ಲ, ಹಾಗೆ ಓದಿಕೊಂಡರೆ ದೊಡ್ಡ ತಪ್ಪು. ಒಂದು ವಾರ್ಡಿನೊಳಗೆ ಈ ವಾರ ಹರಡುವುದನ್ನು ನಿಲ್ಲಿಸಲು ರೂಮು, ಸೋಪು, ಕ್ಲೋರಿನ್ ಬಿಟ್ಟು ಬೇರೆ ದಾರಿ ಇಲ್ಲ. ಸ್ಟೋಕ್ ಮ್ಯಾಂಡೆವಿಲ್ ಸೋತಿದ್ದು ಅಲ್ಲೇ. ಆದರೆ ದೇಶದ ಮಟ್ಟದಲ್ಲಿ ಆ ತಳಿಯ ಉಸಿರು ಕಟ್ಟಿದ್ದು ಚೀಟಿಯಲ್ಲಿ ಫ್ಲಾಕ್ಸಸಿನ್ ಕಡಿಮೆಯಾದದ್ದು ಅಂತ ಈ ಅಂಕಿಗಳು ಹೇಳುತ್ತವೆ.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಆಗ ಕೊಡುತ್ತಿದ್ದುದು ಮೆಟ್ರೊನಿಡಜೋಲ್, ಜಾಸ್ತಿ ಆದರೆ ಬಾಯಿಂದ ವ್ಯಾಂಕೊಮೈಸಿನ್. ಡ್ರಿಪ್‌ನಲ್ಲಿ ಕೊಟ್ಟ ವ್ಯಾಂಕೊಮೈಸಿನ್ ಕರುಳಿನ ಒಳಕ್ಕೆ ಹೋಗುವುದಿಲ್ಲ, ಅದಕ್ಕೇ ಕುಡಿಸುತ್ತಾರೆ. ಮೊದಲ ಹೆಜ್ಜೆ ಮಾತ್ರ ಯಾವಾಗಲೂ ಒಂದೇ, ಸಾಧ್ಯವಾದರೆ ಭೇದಿ ತಂದ ಆಂಟಿಬಯೋಟಿಕ್ ನಿಲ್ಲಿಸುವುದು. ಕೆಲವರಿಗೆ ವಾಸಿಯಾಗಿ ಮತ್ತೆ ಮತ್ತೆ ಬರುತ್ತದೆ. ಅಂಥವರಿಗೆ ಆರೋಗ್ಯವಂತರ ಮಲವನ್ನು ಸೋಸಿ ಕೊಳವೆಯಲ್ಲಿ ಕರುಳಿಗೆ ಬಿಡುವ ಪ್ರಯೋಗವನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದರು. ಮೊದಲ ಸಲಕ್ಕೇ 16 ಜನರಲ್ಲಿ 13 ಜನ ಹುಷಾರಾದರು. ಬರೀ ವ್ಯಾಂಕೊಮೈಸಿನ್ ಕೊಟ್ಟ 13 ಜನರಲ್ಲಿ ನಾಲ್ವರು. ಮೂಗು ಮುಚ್ಚಿಕೊಳ್ಳಬೇಡಿ, ಹೊಲದಲ್ಲಿ ಮತ್ತೆ ರಾಗಿ ಬಿತ್ತುವುದು ಅಂದರೆ ಇದೇ.

ನಮ್ಮ ಕಡೆಯ ವಿಷಯ ಬೇರೆ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲಿಯಲ್ಲಿ ಬಹುಪಾಲು ಈಗಾಗಲೇ ಸಿಪ್ರೋಗೆ ಬಗ್ಗುವುದಿಲ್ಲ, ಅದರ ಕಥೆಯನ್ನು ಬರೆದರೆ ಇನ್ನೊಂದು ಪ್ರಕರಣವೇ ಆದೀತು. ಸಿ. ಡಿಫ್‌ಗೆ ಸಂಬಂಧಿಸಿ ನನ್ನನ್ನು ಕಾಡುವುದು ಒಂದು ಸಣ್ಣ ದೃಶ್ಯ. ಆಸ್ಪತ್ರೆಯಿಂದ ಬಂದ ವಾರಕ್ಕೆ ಅಜ್ಜಿಗೆ ಭೇದಿ ಶುರುವಾಗುತ್ತದೆ. ಮೊಮ್ಮಗ ಮೆಡಿಕಲ್ ಶಾಪಿಗೆ ಹೋಗಿ 'ಅಣ್ಣಾ, ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ' ಅನ್ನುತ್ತಾನೆ. ಅಂಗಡಿಯವನು ಕೊಡುವ ಪಟ್ಟಿಯಲ್ಲಿ ಒಂದು ಫ್ಲಾಕ್ಸಸಿನ್ ಇದ್ದೇ ಇರುತ್ತದೆ. ಆ ಭೇದಿ ಆಂಟಿಬಯೋಟಿಕ್‌ನಿಂದಲೇ ಬಂದಿದ್ದರೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆ. ಎರಡು ತಿಂಗಳೊಳಗೆ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದೀರಿ ಅಂತ ಒಂದು ಮಾತು ಕೇಳಲು, ಮಲದಲ್ಲಿ ಸಿ. ಡಿಫ್ ವಿಷ ಇದೆಯಾ ಅಂತ ನೋಡಿಸಲು ಡಾಕ್ಟರ್ ಹತ್ತಿರವೇ ಹೋಗಬೇಕು.

027 ಯುರೋಪಿನಿಂದ ಪೂರ್ತಿ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಇಳಿದ ಮೇಲೂ, 2012–13ರಲ್ಲಿ ಯುರೋಪಿನ ಆಸ್ಪತ್ರೆಗಳನ್ನು ಜಾಲಾಡಿದಾಗ ಜರ್ಮನಿ, ಪೋಲೆಂಡ್, ಹಂಗೆರಿ, ರೊಮೇನಿಯಾಗಳಲ್ಲಿ ಧಾರಾಳವಾಗಿ ಸಿಕ್ಕಿತು. ಸ್ಟೋಕ್ ಮ್ಯಾಂಡೆವಿಲ್‌ನ ತಳಿ ಮಾತ್ರ ಬೇರೆ ರೀತಿಯಲ್ಲಿ ಬದುಕಿದೆ. ಅಲ್ಲಿಯ ಒಂದು ಮಾದರಿಗೆ ಆರ್20291 ಅಂತ ನಂಬರ್ ಕೊಟ್ಟು ಇಟ್ಟಿದ್ದರು. ಈಗ ಸಿ. ಡಿಫ್ ಮೇಲೆ ಕೆಲಸ ಮಾಡುವ ಲ್ಯಾಬುಗಳ ಫ್ರೀಜರ್‌ಗಳಲ್ಲಿ ಅದರ ಪುಟ್ಟ ಟ್ಯೂಬುಗಳಿವೆ. ಹೊಸ ಮದ್ದು ಪರೀಕ್ಷಿಸಬೇಕು ಅಂದಾಗ ಹೊರತೆಗೆಯುವ ತಳಿಗಳಲ್ಲಿ ಅದೂ ಒಂದು, 82ನೇ ಜಾಗದಲ್ಲಿ ಐಸೊಲ್ಯೂಸಿನ್ ಸಮೇತ.